ವರ್ಷಕ್ಕೊಂದು ಪಿಂಛಿ, ವರ್ಷಕ್ಕೊಂದು ಮೊಬೈಲು

2024ರ ಸೆಪ್ಟೆಂಬರ್ 8, ಭಾನುವಾರ, ಭಾದ್ರಪದ ಶುದ್ಧ ಪಂಚಮಿ. ದಿಗಂಬರ ಜೈನರಿಗೆ ಅಂದಿನಿಂದ ದಶಲಕ್ಷಣ ಪರ್ವ. ಹತ್ತು ದಿನ, ದಿನಕ್ಕೊಂದು ಧರ್ಮದ ಚಿಂತನೆ. ಮೊದಲ ದಿನ ಕ್ಷಮೆ. ಎರಡನೆಯ ದಿನ ಮಾರ್ದವ, ಅಂದರೆ ಹಮ್ಮು ಕಳೆದ ಮೆದುತನ. ಆ ರಾತ್ರಿ ನಮ್ಮ ಗಡಿಯಾರ ಹತ್ತೂವರೆ ತೋರಿಸುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಆ್ಯಪಲ್ ಕಂಪನಿ ಐಫೋನ್ 16 ಅನ್ನು ಲೋಕಕ್ಕೆ ತೋರಿಸಲು ಶುರುಮಾಡಿತು. ಮೂರನೆಯ ದಿನ ಆರ್ಜವ, ಡೊಂಕಿಲ್ಲದ ನಡೆ. ಅಂದು ಚೀನಾದ ಹುವಾವೇ ಕಂಪನಿ ಎರಡು ಕಡೆ ಮಡಚಿ ಮೂರು ಪದರವಾಗುವ, ಬಿಚ್ಚಿದರೆ ಟ್ಯಾಬ್ಲೆಟ್ಟೇ ಆಗಿಬಿಡುವ ಮೊಬೈಲೊಂದನ್ನು 19,999 ಯುವಾನ್ ಬೆಲೆಗೆ ಬಿಡುಗಡೆ ಮಾಡಿತು. ನೆಟ್ಟಗಿರುವ ಪಾಠದ ದಿನವೇ ಮಡಚುವ ಮೊಬೈಲು!

ಕಾಕತಾಳೀಯ, ನಿಜ. ಆದರೆ 2012ರಿಂದೀಚೆಗೆ, ಕೊರೊನಾದ 2020 ಒಂದನ್ನು ಬಿಟ್ಟರೆ, ಆ್ಯಪಲ್‌ನ ಮುಖ್ಯ ಫೋನು ಪ್ರತಿವರ್ಷ ಸೆಪ್ಟೆಂಬರಿನಲ್ಲೇ ಬರುತ್ತಿದೆ. ಭಾದ್ರಪದವೂ ಹೆಚ್ಚುಕಡಿಮೆ ಅದೇ ಸುಮಾರಿಗೆ. ‘ಸಾಕು’ ಎನ್ನುವುದನ್ನು ಕಲಿಸುವ ಹಬ್ಬ ಮತ್ತು ‘ಇನ್ನೂ ಬೇಕು’ ಎನಿಸುವ ಹಬ್ಬ ಮಗ್ಗುಲುಮಗ್ಗುಲಲ್ಲೇ ಬರುತ್ತವೆ.

ಈ ಎರಡು ಹಬ್ಬಗಳನ್ನು ಒಟ್ಟಿಗೆ ನೋಡಲು ಗಡಿಯ ಒಂದು ಊರಿಗೆ ಹೋಗೋಣ. ಮಿರಜದಿಂದ ಪಂಢರಪುರದ ಕಡೆ ಹೊರಟ ರೈಲು ಹಾಯುವ ಊರು ಆರಗ. ಸಾಂಗ್ಲಿ ಜಿಲ್ಲೆ, ಮಿರಜ ತಾಲ್ಲೂಕಿನ ಪೂರ್ವ ಭಾಗ. ಎಲೆಬಳ್ಳಿಯ ತೋಟಗಳಿಗೆ ಹೆಸರಾದ ಸೀಮೆ; ಮರಾಠಿಯವರ ಬಾಯಲ್ಲಿ ಪಾನಮಳಾ. ದ್ರಾಕ್ಷಿಯೂ ಉಂಟು, ಕಬ್ಬೂ ಉಂಟು. ಕಾಗವಾಡ, ಅಥಣಿ ದೂರವಿಲ್ಲ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ ಎಂಬ ಬದುಕು ಈ ಗಡಿಪಟ್ಟಿಗೆ ಹಳೆಯದು. ಜೈನರೆಂದರೆ ಪೇಟೆಯ ವ್ಯಾಪಾರಿಗಳು ಎಂದುಕೊಂಡವರು ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಸೀಮೆಗೆ ಬಂದು ನೋಡಬೇಕು; ಇಲ್ಲಿನ ದಿಗಂಬರರಲ್ಲಿ ಬಹಳ ಮಂದಿ ಮಣ್ಣಿನಲ್ಲಿ ದುಡಿಯುವ ಒಕ್ಕಲುತನದವರು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿದ್ದು ಇದೇ ಸೀಮೆಯಲ್ಲಿ, ಚಿಕ್ಕೋಡಿ ಭಾಗದ ಭೋಜದ ಒಕ್ಕಲು ಮನೆತನದಲ್ಲಿ. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಮಾಡಿ ದೇಹ ಬಿಟ್ಟಾಗ ಅವರ ಬಳಿ ತನ್ನದೆಂದು ಹೇಳಿಕೊಳ್ಳುವ ಬಟ್ಟೆಯೂ ಇರಲಿಲ್ಲ.

ಇಂಥ ಸೀಮೆಯಲ್ಲಿ ಪರಿಗ್ರಹದ, ಅಂದರೆ ತನ್ನದೆಂದು ಕೂಡಿಟ್ಟುಕೊಳ್ಳುವುದರ, ಪ್ರಶ್ನೆ ಪುಸ್ತಕದೊಳಗೆ ಕೂತಿರುವುದಿಲ್ಲ. ಚಾತುರ್ಮಾಸಕ್ಕೆ ಮುನಿ ಮಹಾರಾಜರು ಊರಿಗೆ ಬಂದರೆ ಅದು ಬರಿಗಾಲಲ್ಲಿ ನಡೆದು ಬರುತ್ತದೆ. ಎದುರಿಗೆ ಕೂತು ಪ್ರವಚನ ಕೇಳುವವರು ಮೊಬೈಲಿನ ಗಂಟಲು ಮುಚ್ಚಿ ಅಂಗಿಯ ಕಿಸೆಗೆ ಇಳಿಸುತ್ತಾರೆ. ಆ ಕಿಸೆಯಲ್ಲಿರುವುದು ಪರಿಗ್ರಹವೇ?

ಶಾಸ್ತ್ರ ಗೃಹಸ್ಥನನ್ನು ಎಲ್ಲ ಬಿಡು ಎಂದು ಕೇಳುವುದಿಲ್ಲ, ಲೆಕ್ಕ ಇಡು ಎನ್ನುತ್ತದೆ. ಪರಿಗ್ರಹ ಪರಿಮಾಣ ಅಣುವ್ರತ ಅಂದರೆ ಅಷ್ಟೇ: ಇಷ್ಟರ ಮೇಲೆ ಬೇಡ ಎಂದು ಮೊದಲೇ ಗೆರೆ ಎಳೆದುಕೊಳ್ಳುವುದು. ಹೊರಗಿನ ಪರಿಗ್ರಹಕ್ಕೆ ಹತ್ತು ಬಾಬ್ತುಗಳಿವೆ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಕಾಳುಕಡಿ, ಆಳು, ಹೆಣ್ಣಾಳು, ಕುಪ್ಯ, ಭಾಂಡ. ಕುಪ್ಯ-ಭಾಂಡ ಎಂಬಲ್ಲಿ ಬಟ್ಟೆಬರೆ, ಪಾತ್ರೆಪಗಡ ಬರುತ್ತವೆ. ಮೊಬೈಲನ್ನು ಸೇರಿಸುವುದಾದರೆ ಅಲ್ಲೇ, ತಾಮ್ರದ ಕೊಡದ ಪಕ್ಕದಲ್ಲಿ, ಸೇರಿಸಬೇಕು. ಆದರೆ ಅದನ್ನು ಎಣಿಸುವುದು ಹೇಗೆ? ಕೊಡ ನಾಲ್ಕಿದ್ದರೆ ನಾಲ್ಕು. ಮೊಬೈಲು ಒಂದೇ, ಹೋದ ವರ್ಷವೂ ಒಂದೇ, ಈ ವರ್ಷವೂ ಒಂದೇ, ನಡುವೆ ಎರಡು ಸಲ ಬದಲಾಗಿರುತ್ತದೆ. ಎಣಿಕೆಯ ವ್ರತ ಮುರಿಯದೆಯೇ ಪರಿಗ್ರಹ ಬೆಳೆಯುವ ಈ ದಾರಿಯನ್ನು ಹಳೆಯ ಪಟ್ಟಿ ಬರೆದವರು ಕಂಡಿರಲಿಲ್ಲ.

ಕಂಡಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹಕ್ಕೆ ಅರ್ಥ ಹೇಳುವಾಗ ಯಾವ ವಸ್ತುವಿನ ಹೆಸರನ್ನೂ ಎತ್ತುವುದಿಲ್ಲ. ಅವರು ಬಳಸುವ ಪದ ಮೂರ್ಛೆ. ಎಚ್ಚರ ತಪ್ಪಿ ಬಿದ್ದವನಿಗೆ ಹೇಳುವ ಅದೇ ಮಾತು. ‘ಇದು ನನ್ನದು’, ‘ಅದು ನನ್ನದಾಗಬೇಕು’ ಎಂಬ ಮಂಪರು. ಆ ಲೆಕ್ಕದಲ್ಲಿ ಇನ್ನೂ ಕೊಳ್ಳದ ಮೊಬೈಲಿನ ಮೇಲೂ ಪರಿಗ್ರಹ ಇರಬಹುದು. ಕಿಸೆಯಲ್ಲಿರುವ ಮೊಬೈಲಿನ ಮೇಲೆ ಇಲ್ಲದೆಯೂ ಇರಬಹುದು. ಮೊಬೈಲು ಕಂಪನಿಗಳ ಪೈಪೋಟಿಯನ್ನು ಅರ್ಥಮಾಡಿಕೊಳ್ಳಲು ಮಾರುಕಟ್ಟೆ ಪಂಡಿತರ ವರದಿಗಳಿಗಿಂತ ಈ ಒಂದು ಪದ ಹೆಚ್ಚು ನೆರವಿಗೆ ಬರುತ್ತದೆ.

2011ರ ಬೇಸಿಗೆಯ ಒಂದು ಪ್ರಸಂಗ. ಅದರ ಹಿಂದಿನ ವರ್ಷ ಬಂದಿದ್ದ ಐಪ್ಯಾಡಿಗೆ ಎದುರಾಗಿ ಎಚ್‌ಪಿ ಕಂಪನಿ ಜುಲೈ 1ರಂದು ಅಮೆರಿಕದಲ್ಲಿ ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ ತಂದಿತು. ಬೆಲೆ 499 ಡಾಲರಿನಿಂದ ಶುರು. ಕೊಳ್ಳುವವರಿಲ್ಲ. ಆಗಸ್ಟ್ 18ಕ್ಕೆ ಕಂಪನಿ ಕೈಚೆಲ್ಲಿತು. ಐವತ್ತು ದಿನವೂ ಆಗಿರಲಿಲ್ಲ. ಉಳಿದ ಸರಕನ್ನು 99 ಡಾಲರಿಗೆ ಬಿಟ್ಟದ್ದೇ ತಡ, ಜನ ಮುಗಿಬಿದ್ದು ಅಂಗಡಿ ಬರಿದು ಮಾಡಿದರು. ಮುಂದೆ ಹೊಸದು ಬರುವುದಿಲ್ಲ, ಕಂಪನಿಯೇ ಕೈಬಿಟ್ಟಿದೆ ಎಂದು ಗೊತ್ತಿದ್ದೂ ಕೊಂಡರು. ಮೊನ್ನೆ ಯಾರಿಗೂ ಬೇಡವಾಗಿದ್ದ ಅದೇ ಗಾಜು, ಅದೇ ಪ್ಲಾಸ್ಟಿಕ್ಕು. ವಸ್ತು ಬದಲಾಗಿರಲಿಲ್ಲ, ಮಂಪರು ಬಂದಿತ್ತು.

ಇನ್ನು ಸಮಂತಭದ್ರಾಚಾರ್ಯರ ಒಂದು ಭೇದವನ್ನು ನೋಡಬೇಕು. ಗೃಹಸ್ಥರಿಗೆಂದು ಬರೆದ ರತ್ನಕರಂಡಕದಲ್ಲಿ ಅವರು ಭೋಗವನ್ನೂ ಉಪಭೋಗವನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಒಮ್ಮೆ ಉಂಡರೆ ಮುಗಿಯುವ ಅನ್ನ ಭೋಗ. ಮತ್ತೆ ಮತ್ತೆ ಉಟ್ಟು ತೊಡುವ ಬಟ್ಟೆ ಉಪಭೋಗ. ಎರಡಕ್ಕೂ ಮಿತಿ ಬೇಕು, ಆದರೆ ಮಿತಿಯ ಬಗೆ ಬೇರೆ. ಅನ್ನಕ್ಕೆ ಹೊತ್ತಿನ ಲೆಕ್ಕ, ಬಟ್ಟೆಗೆ ಬಾಳಿಕೆಯ ಲೆಕ್ಕ. ಮೊಬೈಲು ಹುಟ್ಟಿನಿಂದ ಉಪಭೋಗದ ಜಾತಿ. ಅದನ್ನು ಭೋಗದ ಪಂಕ್ತಿಗೆ ಎಳೆದು ಕೂರಿಸಿದ್ದೇ ಈ ಉದ್ಯಮ ಹದಿನೈದಿಪ್ಪತ್ತು ವರ್ಷಗಳಲ್ಲಿ ಮಾಡಿದ ದೊಡ್ಡ ಕೆಲಸ. ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಕೂರಿಸಿದರು. ಹಿಂದೆ ಉಗುರಿನಲ್ಲಿ ಮೀಟಿ ತೆಗೆಯುತ್ತಿದ್ದ ಬೆನ್ನಿನ ಮುಚ್ಚಳಕ್ಕೆ ಈಗ ಬಿಸಿಗಾಳಿ ಊದಬೇಕು. 2017ರ ಡಿಸೆಂಬರಿನಲ್ಲಿ ಆ್ಯಪಲ್ ಒಂದು ಸಂಗತಿ ಒಪ್ಪಿಕೊಂಡಿತು: ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಾನೇ ಇಳಿಸುತ್ತಿತ್ತು. ಫೋನು ಫಕ್ಕನೆ ಆರಿಹೋಗದಿರಲಿ ಎಂದು ಮಾಡಿದ್ದು ಎಂಬುದು ಅದರ ಸಮಜಾಯಿಷಿ. ಬಳಸುವವರಿಗೆ ಹೇಳದೆ ಮಾಡಿದ್ದಕ್ಕೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿತು. ತನ್ನ ಮೊಬೈಲಿಗೆ ವಯಸ್ಸಾಯಿತು ಎಂದುಕೊಂಡು ಹೊಸದನ್ನು ಕೊಂಡವರಿಗೆ ಎಷ್ಟು ಪಾಲು ನಿಜವಾದ ವಯಸ್ಸು, ಎಷ್ಟು ಪಾಲು ಮಾಡಿದ ವಯಸ್ಸು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಇಲ್ಲಿ ಒಬ್ಬ ಜಾಣ ಎದ್ದು ಕೇಳಬಹುದು: ಮುನಿಗಳ ಪಿಂಛಿಯೂ ವರ್ಷಕ್ಕೊಮ್ಮೆ ಬದಲಾಗುತ್ತದಲ್ಲ?

ಒಳ್ಳೆಯ ಪ್ರಶ್ನೆ. ದಿಗಂಬರ ಮುನಿಗಳ ಬಳಿ ಇರಬಹುದಾದದ್ದು ಮೂರೇ: ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದಲು ಶಾಸ್ತ್ರ. ಇವನ್ನು ಪರಿಗ್ರಹ ಎನ್ನುವುದಿಲ್ಲ. ಇವಕ್ಕಿರುವ ಹೆಸರು ಉಪಕರಣ. ಪಿಂಛಿ ಸಂಯಮದ ಉಪಕರಣ, ಕಮಂಡಲು ಶೌಚದ ಉಪಕರಣ, ಶಾಸ್ತ್ರ ಜ್ಞಾನದ ಉಪಕರಣ. ಕನ್ನಡ ಪತ್ರಿಕೆಗಳು ಮೊಬೈಲು, ಟ್ಯಾಬ್ಲೆಟ್ಟುಗಳಿಗೆ ‘ಎಲೆಕ್ಟ್ರಾನಿಕ್ ಉಪಕರಣ’ ಎಂದು ಬರೆಯುವಾಗ ಈ ಪದ ಎಲ್ಲಿಂದ ನಡೆದು ಬಂದಿದೆ ಎಂದು ಯಾರೂ ನೆನೆಯುವುದಿಲ್ಲ. ಚಾತುರ್ಮಾಸ ಮುಗಿದ ಮೇಲೆ ಪಿಂಛಿ ಪರಿವರ್ತನೆಯ ಸಮಾರಂಭ ನಡೆಯುತ್ತದೆ, ಊರೇ ಸೇರುತ್ತದೆ. ಹೊಸ ಪಿಂಛಿ ಬರುತ್ತದೆ. ಬಿಡುಗಡೆ ಸಮಾರಂಭವೆಂದು ಬೇಕಾದರೂ ಕರೆಯಿರಿ.

ಆದರೆ ಬದಲಾಯಿಸುವ ಕಾರಣ ಕೇಳಿದರೆ ದಾರಿ ಬೇರೆಯಾಗುತ್ತದೆ. ವರ್ಷವಿಡೀ ನೆಲ ಗುಡಿಸಿದ ಗರಿಯ ತುದಿ ಸವೆದು ಗಡುಸಾಗುತ್ತದೆ. ಕೂರುವ ಮುಂಚೆ ಇರುವೆಯೊಂದನ್ನು ನೋಯಿಸದೆ ಸರಿಸುವುದಕ್ಕೆ ತಾನೇ ಪಿಂಛಿ ಇರುವುದು? ಮೆದುತನ ಹೋದ ಪಿಂಛಿ ತನ್ನ ಕೆಲಸವನ್ನು ಕಳೆದುಕೊಂಡಿದೆ, ಅದಕ್ಕೇ ಹೊಸದು. ಹೊಸದೂ ಹಳೆಯದರಂತೆಯೇ ಇರುತ್ತದೆ. ಈ ವರ್ಷದ ಮಾದರಿಯಲ್ಲಿ ಹೆಚ್ಚು ಕಣ್ಣುಗಳಿವೆ ಎಂದು ಯಾರೂ ಹೇಳುವುದಿಲ್ಲ. ಗರಿಗಳೂ ನವಿಲು ತಾನಾಗಿ ಉದುರಿಸಿದವು. ಹಳೆಯ ಪಿಂಛಿ ಕಸವಾಗುವುದಿಲ್ಲ. ಸಂಯಮದ ವ್ರತ ತೊಟ್ಟ ಶ್ರಾವಕರ ಮನೆಗೆ ಹೋಗುತ್ತದೆ. ಹಳೆಯದನ್ನು ಪಡೆಯುವವನು ತೆರುವ ಬೆಲೆ ಒಂದು ವ್ರತ. ಎಕ್ಸ್‌ಚೇಂಜ್ ಆಫರಿನಲ್ಲಿ ಹಳೆಯ ಮೊಬೈಲನ್ನು ಕೊಟ್ಟವನು ಮನೆಗೆ ಒಯ್ಯುವುದು ಇನ್ನೊಂದು ಕಂತು.

ಅತ್ತ ಕಸದ ಲೆಕ್ಕವೂ ಇದೆ. ವಿಶ್ವಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ. ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಬರುವುದು ಕಾಂಗೋದ ಗಣಿಗಳಿಂದ. ಅಲ್ಲಿ ಮಕ್ಕಳೂ ಮಣ್ಣು ಅಗೆಯುತ್ತಾರೆ ಎಂಬುದು ಗುಟ್ಟಲ್ಲ. ಜೈನ ಗ್ರಂಥಗಳಲ್ಲಿ ‘ಆರಂಭ-ಪರಿಗ್ರಹ’ ಎಂದು ಎರಡನ್ನೂ ಜೋಡಿಯಾಗಿ ಹೇಳುವುದು ವಾಡಿಕೆ. ಆರಂಭವೆಂದರೆ ಜೀವಕ್ಕೆ ನೋವು ತರುವ ಉದ್ಯೋಗ. ಕೂಡಿಡುವುದರ ಹಿಂದೆ ಯಾವುದೋ ಜೀವದ ನೋವು ಇದ್ದೇ ಇರುತ್ತದೆ ಎಂಬ ಹಳೆಯ ಗುಮಾನಿಗೆ ಮೊಬೈಲಿನಷ್ಟು ಸ್ಪಷ್ಟ ಸಾಕ್ಷಿ ಬೇರೆ ಸಿಗಲಾರದು.

ಮೊಬೈಲನ್ನು ನಿಜಕ್ಕೂ ಉಪಕರಣವಾಗಿ ಕಲ್ಪಿಸಿಕೊಂಡವರು ಇರಲೇ ಇಲ್ಲವೇ? ಇದ್ದರು, ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಗೆಳೆಯರು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರಿನ ಮಾದರಿಯನ್ನು ತೋರಿಸಿದರು. ಬೆರಳಚ್ಚಿನ ಮಣೆ ಇಲ್ಲ, ಮುಟ್ಟುವ ತೆರೆ. ಓದುಬರಹ ಬಾರದವರಿಗಾಗಿ ಕನ್ನಡದಂಥ ಭಾಷೆಗಳಲ್ಲಿ ಓದಿ ಹೇಳುವ ದನಿ. ಐಫೋನು ಹುಟ್ಟಲು ಇನ್ನೂ ಆರು ವರ್ಷ ಬಾಕಿ ಇತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿಯಲ್ಲಿ ಅಲುಗಾಟ ತಿಳಿಯುವ ಸಂವೇದಕವೂ ಇತ್ತು. ಕೈ ಓಲಿಸಿದರೆ ಪುಟ ಮಗುಚುವ ಜಾದೂ.

ಆದರೆ ಈ ಬರಹಕ್ಕೆ ಮುಖ್ಯವಾದದ್ದು ಅದರ ಪಕ್ಕದಲ್ಲಿದ್ದ ಒಂದು ಸೀಳು. ಸ್ಮಾರ್ಟ್ ಕಾರ್ಡ್ ತೂರಿಸುವ ಜಾಗ. ಯಂತ್ರ ಊರಿಗೊಂದು ಇದ್ದರೆ ಸಾಕು. ಒಬ್ಬೊಬ್ಬರ ಬಳಿ ಒಂದೊಂದು ಕಾರ್ಡು. ತೂರಿಸಿದಾಗ ಅದು ನಿಮ್ಮದು, ತೆಗೆದಾಗ ಇನ್ನೊಬ್ಬರದು. ಹಳ್ಳಿಯ ಸೇದೋ ಬಾವಿಯ ಹಗ್ಗ ಬಕೀಟು ಇದ್ದ ಹಾಗೆ. ವಿನ್ಯಾಸವನ್ನು ಬಚ್ಚಿಟ್ಟುಕೊಳ್ಳದೆ ಬೇರೆಯವರೂ ತಯಾರಿಸಲಿ ಎಂದು ತೆರೆದಿಟ್ಟರು. ‘ನನ್ನದು’ ಎಂಬುದನ್ನು ಯಂತ್ರದಲ್ಲೂ ಕಡಿಮೆ ಮಾಡಿ, ಯಂತ್ರದ ಹಕ್ಕಿನಲ್ಲೂ ಕಡಿಮೆ ಮಾಡಿದ ಇನ್ನೊಂದು ಉದಾಹರಣೆ ಈ ಉದ್ಯಮದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಮೊದಲ ವರ್ಷ 50,000 ಮಾರುವ ಗುರಿ ಇತ್ತು, ಹೋದದ್ದು ಸುಮಾರು 4,000. ಬೆಲೆ ಅಂದುಕೊಂಡಷ್ಟು ಇಳಿಯಲಿಲ್ಲ. ಅಗ್ಗದ ಮೊಬೈಲುಗಳು ನುಗ್ಗಿ ಬಂದವು. ಹಂಚಿಕೊಂಡು ಬಳಸುವ ವಸ್ತುವನ್ನು ಮಾರುವುದು ಹೇಗೆಂದು ಯಾವ ಮಾರುಕಟ್ಟೆಗೂ ಗೊತ್ತಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣವಿದ್ದೀತು. ಮೂರ್ಛೆ ಹಂಚಿಕೆಯಾಗುವುದಿಲ್ಲ.

ಎದುರು ದಿಕ್ಕಿನ ಉದಾಹರಣೆಗೆ ಬರಗಾಲವಿಲ್ಲ. ಆ್ಯಪಲ್ ಮತ್ತು ಸ್ಯಾಮ್‌ಸಂಗ್ 2011ರಿಂದ 2018ರವರೆಗೆ ಕೋರ್ಟು ಹತ್ತಿ ಕಾದಾಡಿದ ವಸ್ತುಗಳಲ್ಲಿ ಒಂದು, ದುಂಡು ಮೂಲೆಯ ಆಯತಾಕಾರ. 2012ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಸ್ಯಾಮ್‌ಸಂಗ್ 105 ಕೋಟಿ ಡಾಲರ್ ಕೊಡಬೇಕೆಂದಿತು. ಮೊತ್ತ ಇಳಿಯಿತು, ಏರಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕೊನೆಗೆ ರಾಜಿಯಾಯಿತು. ಕೈಯಲ್ಲಿರುವ ಮೊಬೈಲಿನ ಮೇಲೆ ನಮಗೆ ಮೂರ್ಛೆ. ಮೊಬೈಲಿನ ಮೂಲೆಯ ಮೇಲೆ ಅವರಿಗೆ.

ಇಷ್ಟು ಹೇಳಿ ಪೈಪೋಟಿಯೇ ಪಾಪ ಎಂದುಬಿಟ್ಟರೆ ಆರಗದಂಥ ಊರಿಗೆ ಅನ್ಯಾಯವಾಗುತ್ತದೆ. ಗಡಿಯ ಕನ್ನಡಿಗನಿಗೆ ಮೊಬೈಲಿನಲ್ಲಿ ತನ್ನ ಅಕ್ಷರ ಕಂಡದ್ದು ಈ ಪೈಪೋಟಿಯಿಂದಲೇ. ಒಂದು ಕಾಲದಲ್ಲಿ ಕನ್ನಡದ ಸಂದೇಶ ಬಂದರೆ ತೆರೆಯ ಮೇಲೆ ಚೌಕದ ಡಬ್ಬಿಗಳ ಸಾಲು ನಿಲ್ಲುತ್ತಿತ್ತು. 2012ರ ಆಂಡ್ರಾಯ್ಡ್ ಆವೃತ್ತಿಯೊಂದಿಗೆ ಕನ್ನಡ ಒತ್ತಕ್ಷರ ಸಮೇತ ನೆಟ್ಟಗೆ ಮೂಡತೊಡಗಿತು. ಐಫೋನಿನಲ್ಲಿ ಕನ್ನಡದ ಕೀಲಿಮಣೆ ಬಂದದ್ದು 2017ರಲ್ಲಿ, ಫೋನಿನ ಇಡೀ ಮುಖವೇ ಕನ್ನಡವಾಗಲು 2025 ಬರಬೇಕಾಯಿತು. ಯಾರೂ ಪುಣ್ಯಕ್ಕೆ ಮಾಡಿದ್ದಲ್ಲ. ಎದುರಾಳಿ ಮಾಡಿದನೆಂದು ಮಾಡಿದ್ದು. ಸಾಲಿಯಲ್ಲಿ ಮರಾಠಿ ಕಲಿತು ಮನೆಯಲ್ಲಿ ಕನ್ನಡ ಆಡುವವನಿಗೆ ಎರಡೂ ಲಿಪಿ ಒಂದೇ ಅಂಗೈಯಲ್ಲಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಮೋಡ ಕವಿದ ದಿನ ದ್ರಾಕ್ಷಿಗೆ ಔಷಧಿ ಹೊಡೆಯಬೇಕೋ ಬೇಡವೋ ಎಂದು ಹವಾಮಾನ ನೋಡುವ, ಎಲೆಯ ಪೇಟೆದರ ಕೇಳಿ ಕೊಯ್ಲಿನ ದಿನ ಗೊತ್ತುಮಾಡುವ ಒಕ್ಕಲಿಗನ ಕೈಯಲ್ಲಿ ಮೊಬೈಲು ಕುಡಗೋಲಿನಷ್ಟೇ ಉಪಕರಣ. ಅವನಿಗೆ ಅಪರಿಗ್ರಹ ಬೋಧಿಸುವ ಪೇಟೆಯ ಮಂದಿ ಮೊದಲು ತಮ್ಮ ಮೇಜಿನ ಖಾನೆ ತೆರೆದು ಹಳೆಯ ಮೊಬೈಲುಗಳನ್ನು ಎಣಿಸಲಿ.

ಹಾಗಾದರೆ ಹೊಸತನಕ್ಕೆ ಯಾವ ಅಳತೆ? ಸಮಂತಭದ್ರರದೇ ಇನ್ನೊಂದು ಗ್ರಂಥವಾದ ಆಪ್ತಮೀಮಾಂಸೆಯಲ್ಲಿ ಬಂಗಾರದ ಕೊಡವೊಂದರ ದೃಷ್ಟಾಂತವಿದೆ. ಕೊಡ ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ನಗುತ್ತಾನೆ, ಬಂಗಾರ ಬೇಕಿದ್ದವನು ಸುಮ್ಮನಿರುತ್ತಾನೆ. ಹುಟ್ಟು, ನಾಶ, ಉಳಿಕೆ ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇರುತ್ತವೆ ಎಂಬ ಜೈನ ವಾದಕ್ಕೆ ಅದು ಉದಾಹರಣೆ. ಜೈನ ದರ್ಶನ ಹೊಸತನವನ್ನು ಮಾಯೆ ಎಂದು ತಳ್ಳಿಹಾಕುವುದಿಲ್ಲ. ಕಿರೀಟ ನಿಜವಾಗಿಯೂ ಹುಟ್ಟಿದೆ. ಆದರೆ ಬಂಗಾರ ಎಲ್ಲಿ ಹೋಯಿತು ಎಂದು ಕೇಳುವುದನ್ನೂ ಬಿಡುವುದಿಲ್ಲ. ಮೊಬೈಲು ಉದ್ಯಮದ ಸೆಪ್ಟೆಂಬರ್ ಸಭೆಗಳಲ್ಲಿ ಹುಟ್ಟಿನ ಮಾತು ಎರಡು ತಾಸು ನಡೆಯುತ್ತದೆ. ಉಳಿಕೆಯ ಮಾತಿಗೆ ಎರಡು ನಿಮಿಷ.

ಮಿರಜದಲ್ಲಿ ಈ ಉಳಿಕೆಯನ್ನು ಕಣ್ಣಾರೆ ನೋಡಬಹುದು. ಅಲ್ಲಿನ ಸಿತಾರ್, ತಾನಪುರ ಮಾಡುವ ಮನೆತನಗಳ ಹಿರಿಯರು ಮೊದಲು ಕತ್ತಿ, ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಕತ್ತಿಯ ಕಾಲ ಮುಗಿದ ಮೇಲೆ ಕೈಚಳಕವನ್ನು ವಾದ್ಯಕ್ಕೆ ತಿರುಗಿಸಿದರು. ಬುರುಡೆಗೆ ಬೇಕಾದ ಒಣಗಿದ ಕುಂಬಳ ಬರುವುದು ಪಂಢರಪುರದ ಕಡೆಯಿಂದ, ಆರಗ ಹಾಯುವ ಅದೇ ದಿಕ್ಕಿನಿಂದ. ತಂತಿ ತೀಡಿ ತೀಡಿ ಜವಾರಿ, ಅಂದರೆ ತಂತಿಗೆ ಝೇಂಕಾರ ಕೊಡುವ ಕುದುರೆಯ ಮೈ, ಸವೆದರೆ ತಾನಪುರವನ್ನು ಎಸೆಯುವುದಿಲ್ಲ. ಅರ ಹಿಡಿದು ಮತ್ತೆ ಜವಾರಿ ತೆಗೆಯುತ್ತಾರೆ. ಅಜ್ಜ ಮೀಟಿದ್ದನ್ನು ಮೊಮ್ಮಗಳು ಮೀಟುತ್ತಾಳೆ. 2024ರಲ್ಲಿ ಮಿರಜದ ಸಿತಾರ್, ತಾನಪುರಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈಗ ಬಹಳ ಹಾಡುಗಾರರು ರಿಯಾಜಿಗೆ ಕೂರುವುದು ಮೊಬೈಲಿನ ತಾನಪುರ ಆ್ಯಪ್ ಹಚ್ಚಿಕೊಂಡು. ಶ್ರುತಿ ಚೊಕ್ಕವಾಗಿಯೇ ಬರುತ್ತದೆ, ದೂರುವಂತಿಲ್ಲ. ಆ ಶ್ರುತಿ ಹೊರಡುವ ಪೆಟ್ಟಿಗೆ ಮಾತ್ರ ನಾಲ್ಕು ವರ್ಷಕ್ಕೆ ಮುದಿಯಾಗುತ್ತದೆ.

ಇತ್ತೀಚೆಗೆ ಒಂದು ಒಳ್ಳೆಯ ಬದಲಾವಣೆ ಕಂಡಿದೆ. 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ ಏಳು ವರ್ಷ ಸಾಫ್ಟ್‌ವೇರ್ ಒದಗಿಸುವುದಾಗಿ ಹೇಳಿತು. ನಾಲ್ಕು ತಿಂಗಳು ಕಳೆಯುವುದರೊಳಗೆ ಸ್ಯಾಮ್‌ಸಂಗ್ ಎಸ್24ಕ್ಕೆ ಅದೇ ಏಳು ವರ್ಷದ ಮಾತು ಕೊಟ್ಟಿತು. ನೆದರ್ಲೆಂಡಿನ ಫೇರ್‌ಫೋನ್ ಎಂಬ ಪುಟ್ಟ ಕಂಪನಿಯಂತೂ ಬಳಸುವವನೇ ಸ್ಕ್ರೂ ಬಿಚ್ಚಿ ತೆರೆ, ಬ್ಯಾಟರಿ ಬದಲಿಸಿಕೊಳ್ಳುವ ಫೋನನ್ನು ಹಿಂದಿನಿಂದಲೂ ಮಾಡುತ್ತಿದೆ. ಯುರೋಪಿನ ಒಕ್ಕೂಟ 2025ರ ಜೂನ್ 20ರಿಂದ ಬಿಡಿಭಾಗ ಮತ್ತು ಐದು ವರ್ಷದ ಸಾಫ್ಟ್‌ವೇರನ್ನು ಕಡ್ಡಾಯ ಮಾಡಿದೆ. ಭಾರತ ಸರ್ಕಾರ ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು 2022ರ ಜುಲೈನಲ್ಲಿ ಸಮಿತಿ ಮಾಡಿತು. ಅಂದರೆ ಬಾಳಿಕೆಯಲ್ಲೂ ಪೈಪೋಟಿ ಸಾಧ್ಯ. ಕಿರೀಟದ ಗಲಾಟೆಯ ನಡುವೆ ಬಂಗಾರದ ಬಗ್ಗೆ ಕೇಳಿದ ಕೆಲವರು ಗೆದ್ದಿದ್ದಾರೆ.

ಕಂಪನಿ ಏಳು ವರ್ಷದ ಮಾತು ಕೊಟ್ಟರೆ ಕೊಂಡವನು ಎಷ್ಟು ವರ್ಷದ ಮಾತು ಕೊಡುತ್ತಾನೆ? ಶಾಸ್ತ್ರ ಇಲ್ಲಿಯೂ ಹಟ ಮಾಡುವುದಿಲ್ಲ. ರತ್ನಕರಂಡಕದಲ್ಲಿ ತ್ಯಾಗಕ್ಕೆ ಎರಡು ದಾರಿಗಳಿವೆ. ಬದುಕಿರುವವರೆಗೆ ಹಿಡಿದದ್ದು ಯಮ. ಗೊತ್ತು ಮಾಡಿದ ಕಾಲದವರೆಗೆ ಹಿಡಿದದ್ದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಆರು ತಿಂಗಳು, ಎಷ್ಟಾದರೂ ಆದೀತು. ಅವಧಿಯನ್ನು ಮೊದಲೇ ಹೇಳಿರಬೇಕು ಅಷ್ಟೆ. ಮೊಬೈಲಿಗೆ ಯಮ ಹಿಡಿಯಿರಿ ಎಂದು ಯಾರಿಗೂ ಹೇಳಲಾಗದು, ಹೇಳಬಾರದು. ನಿಯಮಕ್ಕೆ ಅದು ಹೇಳಿ ಮಾಡಿಸಿದ ವಸ್ತು.

2024ರ ದಶಲಕ್ಷಣದಲ್ಲಿ ಒಂಬತ್ತನೆಯ ದಿನ, ಏನೂ ನನ್ನದಲ್ಲ ಎಂಬ ಆಕಿಂಚನ್ಯದ ದಿನ, ಸೆಪ್ಟೆಂಬರ್ 16ಕ್ಕೆ ಬಿತ್ತು. ನಾಲ್ಕು ದಿನ ಬಿಟ್ಟು, 20ರಂದು, ಐಫೋನ್ 16 ಮಾರಾಟಕ್ಕೆ ಬಂತು. ಮುಂಬೈಯ ಅಂಗಡಿಯ ಮುಂದೆ ಬೆಳಗಾಗುವ ಮುಂಚೆಯೇ ಸಾಲು ನಿಂತಿತ್ತು. 2026ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 14ಕ್ಕಿದೆ, ಅದರ ಬೆನ್ನಿಗೇ ದಶಲಕ್ಷಣ. ಆಕಿಂಚನ್ಯದ ದಿನ ಬಸದಿಗೆ ಹೋಗುವವರು, ಹೋಗದ ನಾವು ನೀವೂ ಕೂಡ, ಕಿಸೆಯ ಮೊಬೈಲು ಕೊಂಡ ತಿಂಗಳು ಯಾವುದೆಂದು ನೆನೆಸಿಕೊಂಡು, ಇಂಥ ತಾರೀಕಿನವರೆಗೆ ಇದೇ ಸಾಕು ಎಂದು ಒಂದು ಚೀಟಿಯಲ್ಲಿ ಬರೆದು ಅದರ ಕವರಿನೊಳಗೇ ಇಟ್ಟುಕೊಳ್ಳೋಣ.